ನಮ್ಮ ಶೀಟ್ ಮೆಟಲ್ ಶಾಪಿಗೆ ಮಳೆನೀರಿನ ಪರ್ಮಿಟ್ ಮಾಡಿಸಿದ ಅನುಭವ

ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ವರ್ಕ್‌ಶಾಪು, ಗೋದಾಮು, ಫ್ಯಾಕ್ಟರಿ ನಡೆಸುವ ಕನ್ನಡದವರು ಈಗ ಅಲ್ಲಲ್ಲಿ ಸಿಗುತ್ತಾರೆ. ಅವರಲ್ಲಿ ಯಾರಿಗಾದರೂ ಬಿಸಿನೆಸ್ ಲೈಸೆನ್ಸ್ ನವೀಕರಣದ ಹೊತ್ತಿಗೆ ಸಿಟಿಯವರು "ನಿಮ್ಮ ಮಳೆನೀರಿನ ಪರ್ಮಿಟ್ ನಂಬರ್ ಎಲ್ಲಿ?" ಅಂತ ಕೇಳಿದ್ದರೆ ಈ ಬರಹ ಅವರಿಗಾಗಿ. ನಮ್ಮನ್ನು ಕೇಳಿದಾಗ ಅದೇನು ಅಂತ ಶಾಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಳೆದ ವಾರ ನಮ್ಮ ಫೈಲು ಅಂತೂ ಒಂದು ದಡ ಸೇರಿತು. ನೆನಪು ಮಾಸುವ ಮೊದಲು ಬರೆದುಬಿಡೋಣ ಅನ್ನಿಸಿತು.

ನಮ್ಮದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯ ಕಡೆ ಇರುವ ಶೀಟ್ ಮೆಟಲ್ ಶಾಪ್. ತಗಡು ಕತ್ತರಿಸುವುದು, ಬಗ್ಗಿಸುವುದು, ವೆಲ್ಡಿಂಗ್, ಗ್ರೈಂಡಿಂಗ್. ಮಾಲೀಕರು ಹಾಸನದ ಕಡೆಯವರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಬಿಲ್ಲು, ಸಂಬಳ, ಸೇಫ್ಟಿ ತರಬೇತಿ, ಸರ್ಕಾರಿ ಕಾಗದ ಎಲ್ಲವೂ ನನ್ನ ಮೇಜಿಗೇ ಬರುತ್ತದೆ. ಹಾಗಾಗಿ ಇದೂ ಬಂತು.

ನವೀಕರಣದ ಅರ್ಜಿಯಲ್ಲಿ ಎಸ್‌ಐಸಿ ಕೋಡ್ ಕೇಳಿದ್ದರು. ಯಾವ ಉದ್ಯಮ ಅಂತ ಗುರುತಿಸುವ ನಾಲ್ಕಂಕಿ ಸಂಖ್ಯೆ ಅದು. ಶೀಟ್ ಮೆಟಲ್ ಕೆಲಸಕ್ಕೆ 3444. ಬರೆದು ಕಳಿಸಿದೆ. ಅರ್ಜಿ ವಾಪಸ್ ಬಂತು. ಡಬ್ಲ್ಯುಡಿಐಡಿ, ಅಂದರೆ ಮಳೆನೀರಿನ ಪರ್ಮಿಟ್ ನಂಬರ್, ಇಲ್ಲದೆ ಲೈಸೆನ್ಸ್ ನವೀಕರಿಸಲು ಆಗುವುದಿಲ್ಲ ಅಂತ ಒಂದೇ ಸಾಲು. ಹುಡುಕಿದಾಗ ಗೊತ್ತಾಯಿತು: 2019ರಲ್ಲಿ ಪಾಸಾದ ಸೆನೆಟ್ ಬಿಲ್ 205 ಪ್ರಕಾರ, 2020ರ ಜನವರಿ 1ರಿಂದ ಕೆಲವು ಬಗೆಯ ಉದ್ಯಮಗಳು ಮಳೆನೀರಿನ ಪರ್ಮಿಟ್‌ಗೆ ನೋಂದಾಯಿಸಿಕೊಂಡಿದ್ದೇವೆ ಅಂತ ತೋರಿಸಿದರೆ ಮಾತ್ರ ಸಿಟಿ ಅಥವಾ ಕೌಂಟಿಯವರು ಲೈಸೆನ್ಸ್ ಕೊಡಬೇಕು.

ಅಣ್ಣನಿಗೆ ಹೇಳಿದೆ. "ಏನಮ್ಮಾ, ಆಕಾಶದಿಂದ ಬೀಳೋ ನೀರಿಗೂ ಪರ್ಮಿಟ್ಟಾ?" ಅಂದರು.

ಬೀಳುವ ನೀರಿಗಲ್ಲ, ಹರಿದುಹೋಗುವ ನೀರಿಗೆ. ಅಂಗಳದಲ್ಲಿ ಇಟ್ಟ ಕಬ್ಬಿಣ, ಸ್ಕ್ರ್ಯಾಪ್, ಫೋರ್ಕ್‌ಲಿಫ್ಟ್‌ನಿಂದ ಸೋರಿದ ಎಣ್ಣೆ, ಗ್ರೈಂಡಿಂಗ್ ಪುಡಿ, ಇವೆಲ್ಲವನ್ನೂ ತೊಳೆದುಕೊಂಡು ಮಳೆನೀರು ಚರಂಡಿಗೆ ಇಳಿಯುತ್ತದೆ. ನಮ್ಮ ಕಡೆ ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಹುಪಾಲು ಕಡೆ ಎರಡೂ ಒಂದೇ ಪೈಪಿನಲ್ಲಿ ಹೋಗಿ ಶುದ್ಧೀಕರಣ ಘಟಕ ಸೇರುತ್ತವೆ. ನಮ್ಮಲ್ಲಿ ಹಾಗಿಲ್ಲ. ಅಂಗಳದ ನೀರು ಯಾವ ಶುದ್ಧೀಕರಣವೂ ಇಲ್ಲದೆ ನೇರ ಕೊಲ್ಲಿಗೆ ಹೋಗುತ್ತದೆ. ಅದಕ್ಕೇ ಪರ್ಮಿಟ್. ಮೂಲ ಕಾನೂನು 1972ರ ಕ್ಲೀನ್ ವಾಟರ್ ಆಕ್ಟ್. 1987ರ ತಿದ್ದುಪಡಿಯಲ್ಲಿ ಕೈಗಾರಿಕೆಗಳ ಮಳೆನೀರನ್ನು ಅದರೊಳಗೆ ತಂದರು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ವಾಟರ್ ಬೋರ್ಡ್ ಎಲ್ಲ ಕೈಗಾರಿಕೆಗೂ ಸೇರಿಸಿ ಒಂದು ಜನರಲ್ ಪರ್ಮಿಟ್ ಮಾಡಿದೆ. ನಾವು ಸೇರಿದ್ದು 2014ರ ಆದೇಶದ ಅಡಿಯಲ್ಲಿ. ಅದು 2015ರ ಜುಲೈ 1ರಿಂದ ಜಾರಿಯಲ್ಲಿದೆ, 2018ರಲ್ಲಿ ಮಾಡಿದ ತಿದ್ದುಪಡಿ 2020ರ ಜುಲೈ 1ರಿಂದ ಜಾರಿಗೆ ಬಂತು.

ಬೆಂಗಳೂರಿನಲ್ಲಿ ಓದುವಾಗ ಮೈಸೂರು ರಸ್ತೆಯ ಬಸ್ಸಿನಲ್ಲಿ ವೃಷಭಾವತಿ ಬಂದಾಗಲೆಲ್ಲ ದುಪಟ್ಟಾದಿಂದ ಮೂಗು ಮುಚ್ಚಿಕೊಂಡವಳು ನಾನು. ಹಾಗಾಗಿ ಈ ಕಾನೂನು ಸುಮ್ನೆ ಕಿರುಕುಳ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಕಷ್ಟ ಮಾತ್ರ ಆಯಿತು.

ಮೊದಲು ತೀರ್ಮಾನ ಮಾಡಬೇಕಾದ್ದು ಮೂರರಲ್ಲಿ ಯಾವ ದಾರಿ ಅನ್ನುವುದು. ನಿಮ್ಮ ಉದ್ಯಮಕ್ಕೆ ಕಾನೂನೇ ಅನ್ವಯಿಸುವುದಿಲ್ಲ ಅಂತಾದರೆ ಹಾಗಂತ ಒಂದು ನೋಟಿಸ್ ಸಲ್ಲಿಸಬಹುದು. ಅನ್ವಯಿಸುತ್ತದೆ, ಆದರೆ ಮಳೆಗೆ ಏನೂ ಸಿಗುವುದಿಲ್ಲ, ಎಲ್ಲವೂ ಸೂರಿನಡಿ ಇದೆ ಅಂತಾದರೆ 'ನೋ ಎಕ್ಸ್‌ಪೋಷರ್' ಪ್ರಮಾಣಪತ್ರ. ಎರಡೂ ಅಲ್ಲದಿದ್ದರೆ ಪೂರ್ತಿ ಪರ್ಮಿಟ್. ನಿಮ್ಮ ಶಾಪಿನಲ್ಲಿ ಜಾಗ ಇದ್ದರೆ ಎರಡನೆಯದಕ್ಕೇ ಪ್ರಯತ್ನ ಪಡಿ. ಶುಲ್ಕ ಕಡಿಮೆ, ಮಳೆಯಲ್ಲಿ ಸ್ಯಾಂಪಲ್ ಹಿಡಿಯುವ ಕೆಲಸವಿಲ್ಲ. ಪ್ರತಿ ವರ್ಷ ಮತ್ತೆ ದೃಢೀಕರಿಸಬೇಕು, ಅಷ್ಟೇ. ನಾವೂ ಅದಕ್ಕೇ ಆಸೆಪಟ್ಟೆವು. ಆದರೆ ಹೊಸ ಲೇಸರ್ ಮೆಷಿನ್ ಬಂದ ಮೇಲೆ ಒಳಗೆ ಕಾಲಿಡಲು ಜಾಗವಿಲ್ಲ. ಕಬ್ಬಿಣದ ರ‍್ಯಾಕು, ಸ್ಕ್ರ್ಯಾಪ್ ತೊಟ್ಟಿ, ಹಳೆಯ ಕೂಲಂಟ್ ಡ್ರಮ್ಮು ಎಲ್ಲ ಹಿಂದಿನ ಅಂಗಳದಲ್ಲಿ. ಪೂರ್ತಿ ಪರ್ಮಿಟ್ಟೇ ಗತಿ.

ಎಲ್ಲವೂ 'ಸ್ಮಾರ್ಟ್ಸ್' ಅನ್ನುವ ವಾಟರ್ ಬೋರ್ಡಿನ ಆನ್‌ಲೈನ್ ವ್ಯವಸ್ಥೆಯಲ್ಲೇ ಆಗಬೇಕು. ಖಾತೆ ತೆರೆಯುವುದು ಸುಲಭ. ತಡವಾಗಿದ್ದು ಸಹಿಗೆ. ಪರ್ಮಿಟ್‌ಗೆ ಕಾನೂನಿನ ಪ್ರಕಾರ ಹೊಣೆ ಹೊರುವ ಒಬ್ಬರು ಬೇಕು. ಇಲ್ಲಿ ಅವರನ್ನು ಎಲ್‌ಆರ್‌ಪಿ ಅನ್ನುತ್ತಾರೆ. ಮಾಲೀಕರೋ ಕಂಪನಿಯ ದೊಡ್ಡ ಅಧಿಕಾರಿಯೋ ಆಗಿರಬೇಕು. ನನ್ನಂಥ ಆಫೀಸಿನವರು ಆಗುವ ಹಾಗಿಲ್ಲ. ಅವರ ಸಹಿ ಇರುವ ಅಧಿಕಾರ ಪತ್ರದ ಮೂಲ ಪ್ರತಿಯನ್ನೇ ನಾವು ಅಂಚೆಯಲ್ಲಿ ಕಳಿಸಬೇಕಾಯಿತು. ಅಣ್ಣ ಆಗ ಊರಿನಲ್ಲಿದ್ದರು, ತಂಗಿಯ ಮನೆ ಗೃಹಪ್ರವೇಶ. ಪತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ, ಹಾಸನದಲ್ಲಿ ಪ್ರಿಂಟ್ ತೆಗೆದು ಸಹಿ ಹಾಕಿ ಕೊರಿಯರ್ ಮಾಡಿದರು. ಅದು ಬರುವ ತನಕ ಲೈಸೆನ್ಸ್‌ನ ಗಡುವು ನೆನಸಿಕೊಂಡು ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಸಿಟಿ ಕಚೇರಿಗೆ ಹೋಗಿ, ಅರ್ಜಿ ನಡೆಯುತ್ತಿದೆ ಅನ್ನುವುದಕ್ಕೆ ದಾಖಲೆ ತೋರಿಸಿ ಕೇಳಿಕೊಂಡೆ. ಕೌಂಟರಿನಲ್ಲಿದ್ದ ಹೆಂಗಸು ಸಮಾಧಾನವಾಗಿ ಕೇಳಿಸಿಕೊಂಡು ಸಮಯ ಕೊಟ್ಟರು. ನೀವೂ ಸುಮ್ಮನೆ ಕೂರಬೇಡಿ, ಗಡುವಿಗೆ ಮೊದಲೇ ಹೋಗಿ ಮಾತಾಡಿ.

ಎಲ್‌ಆರ್‌ಪಿಯವರು ಕೈಗೆ ಸಿಕ್ಕಾಗಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಿ. ಅವರ ಪರವಾಗಿ ವರದಿ ಸಲ್ಲಿಸಲು ಒಬ್ಬರನ್ನು ಅಧಿಕೃತವಾಗಿ ನೇಮಿಸಬಹುದು, ಡಿಎಆರ್ ಅಂತ. ನಮ್ಮಲ್ಲಿ ನಾನೇ ಆದೆ. ಆಮೇಲೆ ಅಣ್ಣ ಎಲ್ಲಿದ್ದರೂ ತೊಂದರೆಯಾಗಲಿಲ್ಲ.

ಅರ್ಜಿಯ ಜೊತೆ ಎರಡು ದೊಡ್ಡ ದಾಖಲೆ ಬೇಕು. ಒಂದು ಮಳೆನೀರಿನ ಮಾಲಿನ್ಯ ತಡೆಯುವ ಯೋಜನೆ. ಇಲ್ಲಿ ಎಲ್ಲರೂ ಅದನ್ನು 'ಸ್ವಿಪ್' ಅಂತಾರೆ. ಇನ್ನೊಂದು ಜಾಗದ ನಕ್ಷೆ. ಸ್ವಿಪ್ ಬರೆಸಲು ಸಲಹೆಗಾರರನ್ನು ವಿಚಾರಿಸಿದೆ. ಒಬ್ಬರು ಹೇಳಿದ ದರಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ಮೂರು ಪಟ್ಟು ವ್ಯತ್ಯಾಸ. ಒಬ್ಬರಂತೂ "ಪರವಾನಗಿ ಇರುವ ತಜ್ಞರೇ ಬರೆಯಬೇಕು, ಇಲ್ಲದಿದ್ದರೆ ತಿರಸ್ಕಾರವಾಗುತ್ತೆ" ಅಂತ ಹೆದರಿಸಿದರು. ಪರ್ಮಿಟ್‌ನ ಪಠ್ಯ ತೆಗೆದು ಓದಿದೆ. ನಮ್ಮಂಥ ಸಾಮಾನ್ಯ ಶಾಪಿಗೆ ಮೊದಲ ಹಂತದಲ್ಲಿ ಹಾಗೇನೂ ಕಡ್ಡಾಯವಿಲ್ಲ. ರಾಜ್ಯದ ತರಬೇತಿ ಪಡೆದ ತಜ್ಞರು, ಅಂದರೆ 'ಕ್ವಿಸ್ಪ್'ಗಳು, ಕಡ್ಡಾಯವಾಗುವುದು ಮುಖ್ಯವಾಗಿ ನಿಮ್ಮ ಸ್ಯಾಂಪಲ್‌ಗಳು ಮಿತಿ ಮೀರಿದ ಮೇಲೆ. ಕ್ಯಾಲಿಫೋರ್ನಿಯಾ ಸ್ಟಾರ್ಮ್‌ವಾಟರ್ ಕ್ವಾಲಿಟಿ ಅಸೋಸಿಯೇಷನ್‌ನವರ ಕೈಪಿಡಿ ಇದೆ. ಅದನ್ನು ಕೊಂಡು, ಅದರ ಮಾದರಿ ಇಟ್ಟುಕೊಂಡು ನಾನೇ ಬರೆದೆ. ವಾರಾಂತ್ಯಗಳು ಹೋದವು. ಆದರೆ ಅದರಿಂದ ಆದ ಲಾಭ ದೊಡ್ಡದು. ನಮ್ಮ ಅಂಗಳ ನನಗೆ ಅರ್ಥವಾಯಿತು.

ನಕ್ಷೆಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾವ ಜಾಗದಲ್ಲಿ ಆವರಣ ಬಿಟ್ಟು ಹೊರಗೆ ಹೋಗುತ್ತದೆ, ಏನು ಎಲ್ಲಿ ಇಟ್ಟಿದ್ದೀರಿ, ಎಲ್ಲ ಗುರುತು ಹಾಕಬೇಕು. ಇಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಒಣ ಅಂಗಳ ನೋಡಿ ನೀರಿನ ದಾರಿ ಹೇಳುವುದು ಹೇಗೆ? ಇಪ್ಪತ್ತು ವರ್ಷದಿಂದ ಅದೇ ಅಂಗಳದಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ, ಮೆಕ್ಸಿಕೋದವರು. ಅವರನ್ನು ಕರೆದುಕೊಂಡು ಸೀಮೆಸುಣ್ಣ ಹಿಡಿದು ಹೊರಟೆ. ಇಲ್ಲಿ ನೀರು ನಿಲ್ಲುತ್ತೆ, ಇಲ್ಲಿ ಗೇಟಿನ ಕೆಳಗಿಂದ ರಸ್ತೆಗೆ ಹೋಗುತ್ತೆ ಅಂತ ತೋರಿಸುತ್ತ ಹೋದರು. ಕೊನೆಗೆ ಸ್ಕ್ರ್ಯಾಪ್ ತೊಟ್ಟಿಯ ಹತ್ತಿರ ನಿಂತು, "ಇದರ ಕೆಳಗೆ ಒಂದು ಜಾಲರಿ ಇದೆ" ಅಂದರು. ತೊಟ್ಟಿ ಸರಿಸಿ ನೋಡಿದೆವು. ನಿಜ, ಚರಂಡಿಯ ಕಬ್ಬಿಣದ ಜಾಲರಿ. ಅದರ ಸಂದುಗಳಲ್ಲಿ ಸುರುಳಿ ಸುರುಳಿಯಾದ ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡಿತ್ತು, ಸುತ್ತ ಕಪ್ಪು ಎಣ್ಣೆಯ ವೃತ್ತ. ಕಟ್ಟಡದ ಹಳೆಯ ಪ್ಲಾನಿನಲ್ಲಿ ಅದು ಇರಲೇ ಇಲ್ಲ. ಅವತ್ತೇ ತೊಟ್ಟಿಯನ್ನು ಬೇರೆ ಕಡೆ ಇಡಿಸಿದೆವು, ಆಮೇಲೆ ಮುಚ್ಚಳ ಇರುವ ತೊಟ್ಟಿ ತರಿಸಿದೆವು.

ಆ ಜಾಲರಿಯ ಪೈಪು ಎಲ್ಲಿ ಹೋಗುತ್ತದೆ ಅಂತ ತಿಳಿಯಲು ಸಿಟಿಯ ಪಬ್ಲಿಕ್ ವರ್ಕ್ಸ್‌ನಿಂದ ಚರಂಡಿ ನಕ್ಷೆ ಕೇಳಿ ತರಿಸಿಕೊಂಡೆ. ದುಡ್ಡೇನೂ ಕೇಳಲಿಲ್ಲ, ಕಾಯಬೇಕಾಯಿತು. ಪಕ್ಕದ ಟ್ರಕ್ ನಿಲ್ಲಿಸುವ ಜಾಗದ ಕೆಸರು ನೀರೂ ಬೇಲಿ ದಾಟಿ ನಮ್ಮ ಕಡೆ ಬರುತ್ತದೆ ಅನ್ನುವುದು ಆಗಲೇ ಗೊತ್ತಾಗಿದ್ದು. ಅದನ್ನೂ ನಕ್ಷೆಯಲ್ಲಿ ಬಾಣದ ಗುರುತಿಟ್ಟು ಬರೆದೆ. ಹೊರಗಿನಿಂದ ಬರುವ ನೀರನ್ನು ಬರೆದಿಡದಿದ್ದರೆ ನಾಳೆ ಅದರ ಕೊಳೆಯೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ.

ಅರ್ಜಿ, ಸ್ವಿಪ್, ನಕ್ಷೆ ಮೂರನ್ನೂ ಹಾಕಿ ಅಣ್ಣ ದೃಢೀಕರಿಸಿದರು, ಶುಲ್ಕ ಕಟ್ಟಿದೆವು. ಶುಲ್ಕ ಸಾವಿರ ಡಾಲರ್ ಮೀರುತ್ತದೆ, ಪ್ರತಿ ವರ್ಷ ಕಟ್ಟಬೇಕು, ದರ ಪರಿಷ್ಕರಣೆ ಆಗುತ್ತಿರುತ್ತದೆ. ಆ ವರ್ಷದ ದರಪಟ್ಟಿ ನೋಡಿಯೇ ಕಟ್ಟಿ. ನಂಬರ್ ಬಂತು. ಮೊದಲ ಅಂಕಿ 2, ಅದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ್ದು. ನಡುವೆ ಬರುವ 'ಐ' ಅಕ್ಷರ ಕೈಗಾರಿಕೆಯದ್ದು. ಸಿಟಿಗೆ ಕೊಟ್ಟೆ, ಲೈಸೆನ್ಸ್ ಸಿಕ್ಕಿತು. ಅಣ್ಣ ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದರು.

ಬಹಳ ಜನ ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ನಂಬರ್ ಬಂದ ದಿನದಿಂದ ಕೆಲಸ ಶುರು.

ಪ್ರತಿ ತಿಂಗಳು ಒಮ್ಮೆ ಒಣ ದಿನದಲ್ಲಿ ಅಂಗಳ ಸುತ್ತಿ ನೋಡಿ ಬರೆದಿಡಬೇಕು. ಸೋರಿಕೆ ಇದೆಯಾ, ಮಳೆ ಇಲ್ಲದಿದ್ದರೂ ಚರಂಡಿಗೆ ನೀರು ಹೋಗುತ್ತಿದೆಯಾ, ಡ್ರಮ್ಮಿನ ಮುಚ್ಚಳ ಭದ್ರವಾಗಿದೆಯಾ. ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಇದು ಅಭ್ಯಾಸವಾಗಿಬಿಡುತ್ತದೆ. ಕಷ್ಟ ಇರುವುದು ಮಳೆಯ ಸ್ಯಾಂಪಲ್‌ನಲ್ಲಿ.

ವರ್ಷದ ಲೆಕ್ಕ ಜುಲೈ 1ರಿಂದ ಜೂನ್ 30ರವರೆಗೆ. ಡಿಸೆಂಬರ್ ಒಳಗೆ ಎರಡು ಮಳೆ, ಜನವರಿಯಿಂದ ಜೂನ್ ಒಳಗೆ ಎರಡು ಮಳೆ, ಒಟ್ಟು ನಾಲ್ಕು ಮಳೆಯಲ್ಲಿ ನೀರು ಹಿಡಿಯಬೇಕು. ಎಲ್ಲ ಮಳೆಯೂ ಲೆಕ್ಕಕ್ಕೆ ಬರುವುದಿಲ್ಲ. ಆವರಣದಿಂದ ನೀರು ಹೊರಗೆ ಹರಿಯುವಷ್ಟು ಸುರಿಯಬೇಕು, ಅದಕ್ಕೆ ಹಿಂದಿನ 48 ಗಂಟೆ ಎಲ್ಲಿಂದಲೂ ನೀರು ಹೊರಗೆ ಹೋಗಿರಬಾರದು. ವಾರವಿಡೀ ಬಿಟ್ಟು ಬಿಟ್ಟು ಸುರಿದರೆ ಅದೆಲ್ಲ ಒಂದೇ ಲೆಕ್ಕ. ನೀರು ಹೊರಗೆ ಹರಿಯಲು ಶುರುವಾದ ನಾಲ್ಕು ಗಂಟೆ ಒಳಗೆ ಹಿಡಿಯಬೇಕು. ರಾತ್ರಿ ಶುರುವಾಗಿದ್ದರೆ, ಬೆಳಿಗ್ಗೆ ಶಾಪ್ ತೆರೆದ ನಾಲ್ಕು ಗಂಟೆ ಒಳಗೆ, ಆದರೆ ಮಳೆ ಅದಕ್ಕೆ ಹಿಂದಿನ 12 ಗಂಟೆಯೊಳಗೆ ಬಂದಿರಬೇಕು. ಶಾಪ್ ಮುಚ್ಚಿರುವಾಗ, ಗುಡುಗು ಸಿಡಿಲು ಪ್ರವಾಹ ಇರುವಾಗ ಹಿಡಿಯಬೇಕಿಲ್ಲ. ಏಕೆ ಆಗಲಿಲ್ಲ ಅಂತ ವರದಿಯಲ್ಲಿ ಬರೆದರೆ ಆಯಿತು.

ನಮ್ಮ ಮೊದಲ ಮಳೆ ಬಂದದ್ದು ಶನಿವಾರ, ಶಾಪಿಗೆ ರಜೆ. ಮುಂದಿನದು ಅಂಗಳ ನೆನೆಸಿ ನಿಂತುಹೋಯಿತು, ಹೊರಗೆ ಹರಿಯಲೇ ಇಲ್ಲ. ಹವಾಮಾನದ ಆ್ಯಪ್ ನೋಡುವುದೇ ನನ್ನ ಕೆಲಸವಾಯಿತು. ಕಾರಿನ ಡಿಕ್ಕಿಯಲ್ಲಿ ಗಂಬೂಟು, ರೇನ್‌ಕೋಟು, ಐಸ್ ಬಾಕ್ಸು ಸದಾ ಸಿದ್ಧ.

ಕೊನೆಗೆ ಒಂದು ಬೆಳಿಗ್ಗೆ ಸಿಕ್ಕಿತು. ನಸುಕಿನಲ್ಲಿ ಶುರುವಾದ ಮಳೆ, ಶಾಪ್ ತೆರೆಯುವ ಹೊತ್ತಿಗೆ ಗೇಟಿನ ಬಳಿ ನೀರು ಹರಿಯುತ್ತಿತ್ತು. ತುಕ್ಕಿನ ಬಣ್ಣದ ನೀರು, ಮೇಲೆ ತೆಳುವಾದ ಎಣ್ಣೆಯ ಪೊರೆ. ಕಂದು ಗಾಜಿನ ಬಾಟಲಿ ಎಣ್ಣೆ ಮತ್ತು ಗ್ರೀಸ್‌ಗೆ. ಅದರಲ್ಲಿ ಲ್ಯಾಬ್‌ನವರೇ ಆಸಿಡ್ ಹಾಕಿ ಕೊಟ್ಟಿರುತ್ತಾರೆ. ಅದನ್ನು ತೊಳೆಯಬಾರದು, ತುಂಬಿ ಚೆಲ್ಲಬಾರದು, ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಲೂ ಬಾರದು. ಎಣ್ಣೆ ಆ ಪಾತ್ರೆಗೇ ಅಂಟಿಕೊಂಡುಬಿಡುತ್ತದೆ. ಬಾಟಲಿಯ ಬಾಯನ್ನೇ ನೀರಿಗೆ ಒಡ್ಡಿ ಹಿಡಿಯಬೇಕು. ನೀರು ನೆಲದ ಮೇಲೆ ತೆಳುವಾಗಿ ಹರಿಯುವಾಗ ಇದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಮಂಡಿಯೂರಿ ಕೂತಿದ್ದೆ, ಅಣ್ಣ ಕೊಡೆ ಹಿಡಿದು ನಿಂತಿದ್ದರು. ತೇಲುವ ಮಣ್ಣಿನ ಕಣಕ್ಕೆ ಪ್ಲಾಸ್ಟಿಕ್ ಬಾಟಲಿ, ಲೋಹಗಳಿಗೆ ಬೇರೆ, ನೈಟ್ರೇಟ್ ನೈಟ್ರೈಟ್‌ಗೆ ಬೇರೆ. ನೀರಿನ ಆಮ್ಲೀಯತೆ ತೋರಿಸುವ ಪಿಎಚ್ ಮಾತ್ರ ಅಲ್ಲೇ 15 ನಿಮಿಷದ ಒಳಗೆ ನೋಡಿಬಿಡಬೇಕು, ಲ್ಯಾಬ್‌ಗೆ ಕಳಿಸಿ ಉಪಯೋಗವಿಲ್ಲ. ನಮ್ಮಂಥವರಿಗೆ ಪಿಎಚ್ ಕಾಗದವೇ ಸಾಕು.

ಎಲ್ಲ ಐಸಿನಲ್ಲಿಟ್ಟು, ಯಾರಿಂದ ಯಾರಿಗೆ ಎಷ್ಟು ಗಂಟೆಗೆ ಕೈ ಬದಲಾಯಿತು ಅನ್ನುವ ಕಾಗದಕ್ಕೆ ಸಹಿ ಹಾಕಿ ಲ್ಯಾಬ್‌ಗೆ ಒಯ್ದೆ. ರಾಜ್ಯದ ಮಾನ್ಯತೆ ಇರುವ ಲ್ಯಾಬ್ ಆಗಿರಬೇಕು. ವರದಿ ಬಂದಾಗ ನೋಡಿದರೆ ನೈಟ್ರೇಟ್ ನೈಟ್ರೈಟ್ ಪರೀಕ್ಷೆ ಮಾಡಿಯೇ ಇರಲಿಲ್ಲ. ನಾನು ಸಹಿ ಹಾಕಿದ ಕಾಗದದಲ್ಲಿ ಅದು ಸ್ಪಷ್ಟವಾಗಿ ಬರೆದಿತ್ತು. ಆಸಿಡ್ ಹಾಕಿಟ್ಟ ಆ ಸ್ಯಾಂಪಲ್ 28 ದಿನ ಇರುತ್ತದೆ. ಅವಧಿ ಇನ್ನೂ ಉಳಿದಿತ್ತು, ಫೋನ್ ಮಾಡಿ ಮಾಡಿಸಿದೆ. ವರದಿ ಬಂದ ದಿನವೇ ಪೂರ್ತಿ ಓದಿ, ಇಮೇಲ್‌ನಲ್ಲಿ ಬಿಟ್ಟು ಮಲಗಬೇಡಿ. ಫಲಿತಾಂಶ ಎಲ್ಲ ಬಂದ 30 ದಿನದ ಒಳಗೆ ಸ್ಮಾರ್ಟ್ಸ್‌ಗೆ ಹಾಕಬೇಕು.

ನಮ್ಮ ಎಸ್‌ಐಸಿ ಕೋಡಿನವರು ಎಲ್ಲರೂ ನೋಡಬೇಕಾದ ಮೂರರ (ಪಿಎಚ್, ತೇಲುವ ಕಣ, ಎಣ್ಣೆ ಮತ್ತು ಗ್ರೀಸ್) ಜೊತೆಗೆ ಜಿಂಕ್ (ಸತು), ಕಬ್ಬಿಣ, ಅಲ್ಯೂಮಿನಿಯಂ, ನೈಟ್ರೇಟ್ ನೈಟ್ರೈಟ್ ನೋಡಬೇಕು. ಪ್ರತಿಯೊಂದಕ್ಕೂ ಒಂದು ಎಚ್ಚರಿಕೆ ಮಟ್ಟ ಇದೆ, ಎನ್‌ಎಎಲ್ ಅಂತ. ವರ್ಷದ ಸರಾಸರಿಯಲ್ಲಿ ಒಂದು ಲೀಟರ್‌ಗೆ ತೇಲುವ ಕಣ 100 ಮಿಲಿಗ್ರಾಂ, ಎಣ್ಣೆ ಮತ್ತು ಗ್ರೀಸ್ 15, ಕಬ್ಬಿಣ 1.0, ಅಲ್ಯೂಮಿನಿಯಂ 0.75, ಜಿಂಕ್ 0.26. ಕಬ್ಬಿಣ ಮೀರುತ್ತದೆ ಅಂತ ಹೆದರಿದ್ದೆ. ಅದು ಅಂಚಿನಲ್ಲಿ ನಿಂತಿತು. ಜಿಂಕ್ ಮಾತ್ರ ಮಿತಿಯ ಮೂರು ಪಟ್ಟಿನ ಹತ್ತಿರ. ಮುಂದಿನ ಮಳೆಯಲ್ಲೂ ಹಾಗೇ. ಅಂಗಳ ಗುಡಿಸಿದೆವು, ನಿರ್ವಾತದಿಂದ ಎಳೆದುಕೊಳ್ಳುವ ಗುಡಿಸುವ ಯಂತ್ರ ಬಾಡಿಗೆಗೆ ತಂದೆವು, ಜಿಐ ಶೀಟುಗಳನ್ನೆಲ್ಲ ಟಾರ್ಪಾಲಿನ್ ಕೆಳಗೆ ಸೇರಿಸಿದೆವು. ಕಬ್ಬಿಣ ಇಳಿಯಿತು, ಜಿಂಕ್ ಕದಲಲಿಲ್ಲ. ಜೂನ್ ಹೊತ್ತಿಗೆ ವರ್ಷದ ಸರಾಸರಿ ಮಿತಿ ಮೀರಿಯೇ ಇತ್ತು.

"ಎಷ್ಟು ಫೈನ್ ಹಾಕ್ತಾರಮ್ಮಾ?" ಅಂದರು ಅಣ್ಣ. ಮುಖ ಬಾಡಿತ್ತು. ಅವರು ಹೆದರಿದ್ದಕ್ಕೂ ಕಾರಣವಿತ್ತು. ಕ್ಲೀನ್ ವಾಟರ್ ಆಕ್ಟ್ ಮುರಿದರೆ ಗರಿಷ್ಠ ದಂಡ ದಿನಕ್ಕೆ 60,000 ಡಾಲರ್ ದಾಟುತ್ತದೆ. ನಾವು ಸ್ಮಾರ್ಟ್ಸ್‌ಗೆ ಹಾಕಿದ್ದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಪರಿಸರ ಸಂಸ್ಥೆಗಳು ನೋಡುತ್ತವೆ ಕೂಡ. ಕಾನೂನು ಮುರಿದಿದ್ದಾರೆ ಅನ್ನಿಸಿದರೆ 60 ದಿನದ ನೋಟಿಸ್ ಕೊಟ್ಟು ಫೆಡರಲ್ ಕೋರ್ಟಿಗೆ ಹೋಗುವ ಹಕ್ಕು ಜನರಿಗೇ ಇದೆ. ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಎನ್‌ಎಎಲ್ ಮೀರಿದ್ದೇ ಪರ್ಮಿಟ್ ಉಲ್ಲಂಘನೆ ಅಲ್ಲ. ಮೀರಿದ ಮೇಲೆ ಮಾಡಬೇಕಾದ್ದನ್ನು ಮಾಡದಿದ್ದರೆ ಉಲ್ಲಂಘನೆ. ಹೆದರಿ ಫಲಿತಾಂಶ ಮುಚ್ಚಿಡುವುದು, ಸ್ಯಾಂಪಲ್ ತಪ್ಪಿಸುವುದು ಎಲ್ಲಕ್ಕಿಂತ ಅಪಾಯ.

ಮಾಡಬೇಕಾದ್ದು ಇಷ್ಟು. ಮಿತಿ ಮೀರಿದ ವರ್ಷದ ನಂತರದ ಜುಲೈ 1ಕ್ಕೆ ನೀವು ತಾನಾಗಿಯೇ ಎಲ್ಲರೂ ಶುರುಮಾಡುವ 'ಬೇಸ್‌ಲೈನ್' ಹಂತದಿಂದ 'ಲೆವೆಲ್ 1'ಕ್ಕೆ ಹೋಗುತ್ತೀರಿ. ಅಕ್ಟೋಬರ್ 1ರ ಒಳಗೆ ಕ್ವಿಸ್ಪ್ ಒಬ್ಬರ ನೆರವಿನಿಂದ ಕಾರಣ ಹುಡುಕಬೇಕು. ಜನವರಿ 1ರ ಒಳಗೆ ಪರಿಹಾರ ಮಾಡಿ, ಸ್ವಿಪ್ ತಿದ್ದಿ, ವರದಿ ಸಲ್ಲಿಸಬೇಕು. ಆಮೇಲೂ ಮೀರಿದರೆ ಲೆವೆಲ್ 2. ಅದರ ಖರ್ಚು, ಕಾಗದ ಎರಡೂ ಇನ್ನೊಂದು ಲೋಕ, ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳಿ.

ನಮಗೆ ಸಿಕ್ಕ ಕ್ವಿಸ್ಪ್ ಒಬ್ಬ ಹಿರಿಯ ಮಹಿಳೆ. ಅಂಗಳ ಸುತ್ತಿದರು, ನಮ್ಮ ಪಟ್ಟಿ ನೋಡಿದರು, ಆಮೇಲೆ ಕತ್ತೆತ್ತಿ ಛಾವಣಿ ನೋಡಿದರು. ಏಣಿ ತರಿಸಿದರು. ನಾನೂ ಹಿಂದೆ ಹತ್ತಿದೆ. ಹತ್ತಾರು ವರ್ಷದ ಜಿಐ ತಗಡಿನ ಛಾವಣಿ, ಬಣ್ಣವೇ ಕಂಡಿಲ್ಲ. ಅಂಚಿನಲ್ಲಿ ಕೈಯಾಡಿಸಿದೆ. ಸುಣ್ಣದ ಗೋಡೆ ಸವರಿದ ಹಾಗೆ ಬೆರಳಿಗೆಲ್ಲ ಬಿಳಿ ಪುಡಿ ಅಂಟಿತು. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ, ಅಲ್ವಾ? ತಗಡು ತುಕ್ಕು ಹಿಡಿಯದ ಹಾಗೆ ಆ ಲೇಪ ತಾನು ಸವೆಯುತ್ತದೆ. ಸವೆದದ್ದು ಮಳೆಯಲ್ಲಿ ಕರಗಿ ಪೈಪಿನಲ್ಲಿ ಇಳಿಯುತ್ತದೆ. ನಾವು ವರ್ಷವಿಡೀ ನೆಲ ಗುಡಿಸಿದ್ದೆವು, ಜಿಂಕ್ ಬರುತ್ತಿದ್ದದ್ದು ತಲೆಯ ಮೇಲಿಂದ. ಫೋರ್ಕ್‌ಲಿಫ್ಟ್ ಟೈರಿನ ರಬ್ಬರಿನಲ್ಲೂ, ಜಾಲರಿ ಬೇಲಿಯಲ್ಲೂ ಜಿಂಕ್ ಇರುತ್ತದೆ ಅಂತ ಅವರು ಹೇಳಿದರು. ಯಾವುದು ಎಷ್ಟು ಅಂತ ತಿಳಿಯಲು, ಹಿಂದಿನ ಮಳೆಗಾಲದ ಕೊನೆಗೆ ಛಾವಣಿಯ ಪೈಪಿನಿಂದ ನೆಲ ಮುಟ್ಟುವ ಮೊದಲೇ ಹಿಡಿದಿದ್ದ ನೀರಿನ ಫಲಿತಾಂಶ ತೆಗೆದು ನೋಡಿದೆವು. ನೆಲಕ್ಕೆ ಬೀಳುವ ಮೊದಲೇ ಜಿಂಕ್ ಮಿತಿ ದಾಟಿತ್ತು.

ತಗಡಿನ ಛಾವಣಿ ಇರುವವರೆಲ್ಲ ಮೊದಲ ಮಳೆಯಲ್ಲೇ ಪೈಪಿನ ನೀರನ್ನು ಬೇರೆಯಾಗಿ ಪರೀಕ್ಷಿಸಿ. ಒಂದು ಜಿಂಕ್ ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಮೀನುಗಳಿಗೆ, ನೀರಿನ ಸಣ್ಣ ಜೀವಿಗಳಿಗೆ ಕರಗಿದ ಜಿಂಕ್ ವಿಷ. ನಮ್ಮ ಕಣ್ಣಿಗೆ ಮಾತ್ರ ಆ ನೀರು ತಿಳಿಯಾಗಿಯೇ ಕಾಣುತ್ತದೆ.

ಪರಿಹಾರ ಸುಲಭ ಅನ್ನಿಸಿತು, ಛಾವಣಿಗೆ ಬಣ್ಣ. ಅಲ್ಲೇ ಎರಡು ತೊಡಕು. ಕಟ್ಟಡ ನಮ್ಮದಲ್ಲ, ಬಾಡಿಗೆಯದು. ಕರಾರಿನಲ್ಲಿ ಛಾವಣಿ ಮಾಲೀಕರ ಜವಾಬ್ದಾರಿ, ಪರ್ಮಿಟ್ ಮಾತ್ರ ನಮ್ಮದು. ಕಟ್ಟಡದ ಮಾಲೀಕರು ಮೊದಲು ಒಪ್ಪಲಿಲ್ಲ. ಲ್ಯಾಬ್ ವರದಿ ಮುಂದಿಟ್ಟು, ಬಣ್ಣ ಹೊಡೆದರೆ ತಗಡಿನ ಆಯಸ್ಸೂ ಹೆಚ್ಚುತ್ತದೆ ಅಂತ ಕ್ವಿಸ್ಪ್ ವಿವರಿಸಿದ ಮೇಲೆ ಅರ್ಧ ಖರ್ಚು ಕೊಡಲು ಒಪ್ಪಿದರು. ಅಷ್ಟರಲ್ಲಿ ಆಗಸ್ಟ್ ಮುಗಿಯುತ್ತ ಬಂದಿತ್ತು.

ಇನ್ನೊಂದು ತೊಡಕು ಯಾರೂ ಮುಂಚೆ ಹೇಳಿರಲಿಲ್ಲ. ಬಣ್ಣ ಹಿಡಿಯಬೇಕಾದರೆ ಛಾವಣಿಯನ್ನು ಪ್ರೆಷರ್ ವಾಷ್ ಮಾಡಬೇಕು. ತೊಳೆದ ನೀರಿನಲ್ಲಿ ಜಿಂಕ್ ತುಂಬಿರುತ್ತದೆ, ಅದು ಮಳೆನೀರಲ್ಲ. ಮಳೆನೀರಿನ ಚರಂಡಿಗೆ ಒಂದು ಹನಿಯೂ ಹೋಗಬಾರದು. ಬಣ್ಣದ ಕಂಟ್ರಾಕ್ಟರ್ "ಪೈಪಿನಲ್ಲಿ ಬಿಟ್ಟರಾಯಿತು, ಎಲ್ಲರೂ ಹಾಗೇ ಮಾಡೋದು" ಅಂದರು. ಬಿಡಲಿಲ್ಲ. ಇಳಿಯುವ ಪೈಪುಗಳ ಬಾಯಿ ಕಟ್ಟಿ, ಜಾಲರಿಗಳ ಮೇಲೆ ರಬ್ಬರ್ ಹಾಸು ಹಾಕಿ, ನೀರನ್ನೆಲ್ಲ ಟ್ಯಾಂಕಿಗೆ ಎಳೆಸಿದೆವು. ಆ ಟ್ಯಾಂಕಿನ ನೀರನ್ನು ಒಳಚರಂಡಿಗೆ ಬಿಡಲು ಅಲ್ಲಿಯ ಒಳಚರಂಡಿ ಸಂಸ್ಥೆಯ ಅನುಮತಿ ಬೇಕು. ಅವರು ಮೊದಲು ಪರೀಕ್ಷೆ ವರದಿ ಕೇಳಿದರು. ಇದೆಲ್ಲ ಆಗುವಾಗ ಆಕಾಶದಲ್ಲಿ ಮೋಡ ಕಂಡರೂ ಎದೆ ಡವಡವ ಅನ್ನುತ್ತಿತ್ತು. ಬಣ್ಣದ ಎರಡನೇ ಕೋಟ್ ಒಣಗಿದ ಮೇಲೆ ಉಸಿರು ಬಿಟ್ಟೆವು.

ಬಣ್ಣದ ಜೊತೆಗೆ ಎರಡು ಪೈಪುಗಳ ಕೆಳಗೆ ಲೋಹ ಹೀರಿಕೊಳ್ಳುವ ವಸ್ತು ತುಂಬಿದ ಫಿಲ್ಟರ್ ಪೆಟ್ಟಿಗೆಗಳನ್ನೂ ಇಡಿಸಿದೆವು. ಅವನ್ನು ಆಗಾಗ ಬದಲಾಯಿಸಬೇಕು, ಅದನ್ನೂ ಸ್ವಿಪ್‌ನಲ್ಲಿ ಬರೆದೆವು. ಸ್ವಿಪ್‌ನಲ್ಲಿ ಬರೆದದ್ದನ್ನು ಮಾಡಲೇಬೇಕು, ಮಾಡಲಾಗದ್ದನ್ನು ಚೆಂದಕ್ಕೆ ಬರೆಯಬೇಡಿ. ಜನವರಿ 1ರ ಗಡುವಿಗೆ ಮೊದಲೇ ವರದಿ ಹೋಯಿತು.

ಬೇಸ್‌ಲೈನ್‌ಗೆ ಮರಳಲು ಪರಿಹಾರ ಮಾಡಿದ ಮೇಲೆ ಸತತ ನಾಲ್ಕು ಮಳೆಗಳಲ್ಲಿ ಆ ವಸ್ತು ಮಿತಿಯೊಳಗೆ ಇರಬೇಕು. ಮೊದಲ ಫಲಿತಾಂಶ ಬಂದ ದಿನ ನಾನು ಮೇಲ್ ತೆರೆಯುವ ಮೊದಲು ಅಣ್ಣನನ್ನು ಕರೆದೆ. ಜಿಂಕ್ 0.26ರ ಒಳಗೆ ಇತ್ತು. ಅವರು ಕೂತು ಎರಡು ಸಲ ಓದಿದರು. ಆಮೇಲೆ ಮಳೆ ಕೈಕೊಟ್ಟಿತು. ಜನವರಿ ಒಣಗಿಯೇ ಹೋಯಿತು. ಬಂದರೆ ವಾರಾಂತ್ಯಕ್ಕೆ ಬರುತ್ತಿತ್ತು. ಮಾರ್ಚ್ ಕೊನೆಯ ಮಳೆಯಲ್ಲಿ ನಾಲ್ಕನೆಯದೂ ಸಿಕ್ಕಿತು. ಫಲಿತಾಂಶ ಹಾಕಿ, ದಾಖಲೆ ಸೇರಿಸಿದೆವು. ಕಳೆದ ವಾರ ಸ್ಮಾರ್ಟ್ಸ್‌ನಲ್ಲಿ ನಮ್ಮ ಹೆಸರಿನ ಮುಂದೆ ಮತ್ತೆ ಬೇಸ್‌ಲೈನ್ ಅಂತ ಕಂಡಿತು.

ದುಡ್ಡಿನ ಲೆಕ್ಕ ಬಹಳ ಜನ ಕೇಳುತ್ತಾರೆ. ಸ್ವಿಪ್ ನಾನೇ ಬರೆದದ್ದರಿಂದ ಕೆಲವು ಸಾವಿರ ಡಾಲರ್ ಉಳಿಯಿತು. ಲ್ಯಾಬ್‌ಗೆ ಒಂದೊಂದು ಸ್ಯಾಂಪಲ್‌ಗೂ ನೂರಾರು ಡಾಲರ್, ನೀರು ಹೊರಹೋಗುವ ಜಾಗ ಜಾಸ್ತಿ ಇದ್ದಷ್ಟೂ ಖರ್ಚು ಜಾಸ್ತಿ. ಕ್ವಿಸ್ಪ್ ಶುಲ್ಕ ನ್ಯಾಯವಾಗಿತ್ತು. ದೊಡ್ಡ ಪೆಟ್ಟು ಛಾವಣಿಯದ್ದು. ಅದರಲ್ಲೂ ತೊಳೆದ ನೀರು ಹಿಡಿದು ಸಾಗಿಸಿದ ಖರ್ಚು ಬಣ್ಣದ ಖರ್ಚಿನ ಹತ್ತಿರ ಹತ್ತಿರ ಬಂತು. ಕೊಟೇಷನ್ ತೆಗೆದುಕೊಳ್ಳುವಾಗಲೇ ಅದನ್ನು ಸೇರಿಸಿ ಕೇಳಿ. ಹೊಸದಾಗಿ ಕಟ್ಟಡ ಬಾಡಿಗೆಗೆ ಹಿಡಿಯುವವರು ಕರಾರಿಗೆ ಸಹಿ ಹಾಕುವ ಮೊದಲು ಛಾವಣಿ ಯಾವುದರದ್ದು, ಬಣ್ಣ ಇದೆಯಾ, ಚರಂಡಿ ಜಾಲರಿಗಳು ಎಲ್ಲೆಲ್ಲಿವೆ, ದುರಸ್ತಿ ಯಾರದ್ದು ಅಂತ ನೋಡಿಕೊಳ್ಳಿ.

ಈಗ ವಾರ್ಷಿಕ ವರದಿ ಬಾಕಿ ಇದೆ, ಜುಲೈ 15 ಗಡುವು. ಮುಂದಿನ ಮಳೆಗಾಲಕ್ಕೆ ಬಾಟಲಿಗಳನ್ನು ಸೆಪ್ಟೆಂಬರ್‌ನಲ್ಲೇ ಲ್ಯಾಬ್‌ನಿಂದ ತರಿಸಿಟ್ಟುಕೊಳ್ಳಿ. ಮೊದಲ ಮಳೆಯ ಮುನ್ಸೂಚನೆ ಬಂದ ಮೇಲೆ ಕೇಳಿದರೆ ಎಲ್ಲರೂ ಒಟ್ಟಿಗೇ ಕೇಳಿರುತ್ತಾರೆ, ಸಿಗುವುದಿಲ್ಲ. ಆಸಿಡ್ ಹಾಕಿದ ಬಾಟಲಿ ಎಷ್ಟು ದಿನದೊಳಗೆ ಬಳಸಬೇಕು ಅನ್ನುವುದನ್ನು ಲ್ಯಾಬ್‌ನವರನ್ನೇ ಕೇಳಿ ಮೇಲೆ ಬರೆದಿಟ್ಟುಕೊಳ್ಳಿ.